ತೂಕ ಇಳಿಸುವ ಹಟ, ತಲೆಗೆ ಬೀಳುವ ಪೆಟ್ಟು

ಹುಳಿಯಾರು ಹೋಬಳಿಯ ಕೆಂಕೆರೆಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಎರಡನೆಯ ಪಿ.ಯು.ಸಿ. ವಿದ್ಯಾರ್ಥಿ. ಕಬಡ್ಡಿ ಎಂದರೆ ಪ್ರಾಣ. ಸುತ್ತಲ ಊರುಗಳ ಪಂದ್ಯಾವಳಿಗಳಲ್ಲಿ 55 ಕಿಲೋ ಮೀರದವರ ತಂಡದಲ್ಲಿ ಆಡುತ್ತಾನೆ. ಆದರೆ ಈಗ ಅವನ ತೂಕ 58 ಕಿಲೋ. ಪಂದ್ಯಕ್ಕೆ ಎರಡು ದಿನ ಇದೆ ಎನ್ನುವಾಗ ಊಟ ಬಿಡುತ್ತಾನೆ, ನೀರು ಮುಟ್ಟುವುದಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ತೋಟದ ದಾರಿಯಲ್ಲಿ ಓಡುತ್ತಾನೆ. ಹೋದ ಸಲದ ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ಅವನ ತಲೆಗೆ ಬಡಿಯಿತಂತೆ. ಒಂದು ನಿಮಿಷ ಮಂಕು ಕವಿದವನಂತೆ ಕುಳಿತಿದ್ದು, ಮತ್ತೆ ಎದ್ದು ಆಡಿದನಂತೆ. ಬಾಕ್ಸಿಂಗ್ ಆಟಗಾರರು ತಲೆಗೆ ಪೆಟ್ಟು ಬಿದ್ದು ಸತ್ತ ಸುದ್ದಿಯನ್ನು ಟಿ.ವಿ.ಯಲ್ಲಿ ಕಂಡ ಮೇಲೆ ಹುಡುಗನ ತಾಯಿಗೆ ನಿದ್ದೆ ಬರುತ್ತಿಲ್ಲ. ಇದನ್ನು ಹುಡುಗಾಟ ಎಂದು ಬಿಡಬಹುದೆ, ಇಲ್ಲವೆ ನಿಜವಾಗಿ ಹೆದರಬೇಕಾದ ವಿಷಯವೆ ಎಂಬುದು ಅವರ ಪ್ರಶ್ನೆ.

ಆ ತಾಯಿಯ ಆತಂಕಕ್ಕೆ ಆಧಾರವಿದೆ. ಈ ಹುಡುಗ ಮಾಡುತ್ತಿರುವುದು ಒಂದಲ್ಲ, ಎರಡು ತಪ್ಪು. ಒಂದು, ದೇಹದ ನೀರನ್ನು ಬತ್ತಿಸಿ ತೂಕ ಇಳಿಸುವುದು. ಎರಡು, ತಲೆಗೆ ಪೆಟ್ಟು ಬಿದ್ದು ಮಂಕಾದ ಮೇಲೂ ಆಟ ಮುಂದುವರಿಸುವುದು. ಬೇರೆ ಬೇರೆಯಾಗಿಯೇ ಇವು ಅಪಾಯಕರ. ಎರಡೂ ಕೂಡಿದಾಗ ಏನಾಗಬಹುದು ಎಂಬುದನ್ನು ತಿಳಿಯಲು ಬ್ರಿಟನ್ನಿನ ಒಬ್ಬ ಮುಷ್ಟಿಯುದ್ಧ ಪಟುವಿನ ಬದುಕನ್ನು ನೋಡೋಣ.

ಹಗುರ ತೂಕದ ಒಬ್ಬ ವೀರ

ಪಾಲ್ ಇಂಗಲ್ ಹುಟ್ಟಿದ್ದು 1972ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ಸ್ಕಾರ್ಬರೋ ಎಂಬ ಸಮುದ್ರತೀರದ ಊರಿನಲ್ಲಿ. ಚಿಕ್ಕ ಆಳು, ಚುರುಕು ಕೈ. ಇಪ್ಪತ್ತರ ವಯಸ್ಸಿಗೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 51 ಕಿಲೋ ವಿಭಾಗದಲ್ಲಿ ಬ್ರಿಟನ್ನಿನ ಪರವಾಗಿ ಸೆಣಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಉತ್ತರ ಕೊರಿಯಾದ ಆಟಗಾರನೇ ಕೊನೆಗೆ ಚಿನ್ನದ ಪದಕ ಗೆದ್ದ. 1994ರಲ್ಲಿ ಇಂಗಲ್ ವೃತ್ತಿಪರ ಮುಷ್ಟಿಯುದ್ಧಕ್ಕೆ ಬಂದರು. ಫೆದರ್‌ವೇಟ್ ಅವರ ವಿಭಾಗ. ಹೆಸರೇ ಹೇಳುವಂತೆ ಹಕ್ಕಿಯ ಗರಿಯಷ್ಟು ಹಗುರಾದವರ ವಿಭಾಗ ಅದು; 126 ಪೌಂಡು, ಎಂದರೆ ಸುಮಾರು 57 ಕಿಲೋ ಮೀರುವಂತಿಲ್ಲ.

1997ರಲ್ಲಿ ಬ್ರಿಟಿಷ್ ಪ್ರಶಸ್ತಿ ಅವರದಾಯಿತು. 1999ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂದಿನ ಪ್ರಖ್ಯಾತ ಚಾಂಪಿಯನ್ ನಸೀಮ್ ಹಮೀದ್‌ಗೆ ಹನ್ನೊಂದನೆಯ ಸುತ್ತಿನಲ್ಲಿ ಸೋತರು. ಅದು ಅವರ ಮೊದಲ ಸೋಲು. ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಹಲ್ ನಗರದಲ್ಲಿ ಮೆಕ್ಸಿಕೋದ ಮ್ಯಾನ್ಯುಯೆಲ್ ಮೆದಿನಾ ಅವರನ್ನು ಸೋಲಿಸಿ ವಿಶ್ವ ಪ್ರಶಸ್ತಿ ಪಡೆದರು. 2000ದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿಗೆ ಹೋಗಿ ಅದನ್ನು ಉಳಿಸಿಕೊಂಡರು.

2000ದ ಡಿಸೆಂಬರ್ 16ರಂದು ಶೆಫೀಲ್ಡ್ ನಗರದಲ್ಲಿ ಅವರ ಎದುರಾಳಿಯಾಗಿ ಬಂದವರು ದಕ್ಷಿಣ ಆಫ್ರಿಕದ ಎಂಬುಲೆಲೋ ಬೊಟೀಲೆ. ಆ ರಾತ್ರಿ ಇಂಗಲ್ ಎಂದಿನ ಇಂಗಲ್ ಆಗಿರಲಿಲ್ಲ. ಸುತ್ತು ಕಳೆದಂತೆ ಪೆಟ್ಟು ತಿನ್ನುತ್ತಲೇ ಹೋದರು. ಹನ್ನೊಂದನೆಯ ಸುತ್ತಿನಲ್ಲಿ ಒಮ್ಮೆ ಬಿದ್ದು ಎದ್ದರು. ಕೊನೆಯದಾದ ಹನ್ನೆರಡನೆಯ ಸುತ್ತಿನ ಆರಂಭದಲ್ಲೇ ಮತ್ತೆ ಬಿದ್ದರು. ಈ ಸಲ ಎದ್ದು ನಿಲ್ಲಲಾಗಲಿಲ್ಲ. ಕಣದಲ್ಲೇ ಆಮ್ಲಜನಕ ಕೊಟ್ಟು ಅದೇ ಊರಿನ ಆಸ್ಪತ್ರೆಗೆ ಒಯ್ದು, ತಲೆಬುರುಡೆ ತೆರೆದು, ಮಿದುಳನ್ನು ಒತ್ತುತ್ತಿದ್ದ ಹೆಪ್ಪುಗಟ್ಟಿದ ರಕ್ತವನ್ನು ತೆಗೆದರು. ಜೀವ ಉಳಿಯಿತು. ಆಗ ಅವರಿಗೆ 28 ವರ್ಷ.

25 ಪಂದ್ಯ, 23 ಗೆಲುವು, 2 ಸೋಲು. ಅಷ್ಟಕ್ಕೆ ಅವರ ವೃತ್ತಿ ಜೀವನ ಮುಗಿಯಿತು. ನೆನಪಿನ ಶಕ್ತಿ ಕುಂದಿತು, ಮೈತೂಕ ಏರಿತು. ಮತ್ತೆ ಸ್ಕಾರ್ಬರೋಗೆ ಹಿಂತಿರುಗಿ ತಾಯಿಯ ಆರೈಕೆಯಲ್ಲಿ ದಿನ ಕಳೆಯಬೇಕಾಯಿತು. ಪಂದ್ಯಗಳ ನಡುವೆ ತೂಕ ಏರುವುದು, ಪಂದ್ಯ ಹತ್ತಿರ ಬಂದಾಗ ಅದನ್ನು ಅವಸರದಿಂದ ಇಳಿಸುವುದು ಅವರ ಪಾಲಿಗೆ ದೊಡ್ಡ ಹೋರಾಟವಾಗಿತ್ತು ಎಂಬ ವಿಷಯ ಆ ದುರಂತದ ನಂತರ ಬ್ರಿಟನ್ನಿನಲ್ಲಿ ಬಹಳ ಚರ್ಚೆಗೆ ಬಂತು.

ತಲೆಬುರುಡೆಯ ಒಳಗೆ ನಡೆಯುವುದೇನು?

ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಮುಟ್ಟಿದರೆ ಗಟ್ಟಿ ಮೊಸರಿನಷ್ಟೇ ಮೆದು. ಗಟ್ಟಿ ಬುರುಡೆಯೊಳಗೆ ಅದು ತಿಳಿಯಾದ ದ್ರವದಲ್ಲಿ ತೇಲುತ್ತಿರುತ್ತದೆ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಈ ದ್ರವ ಒಟ್ಟು 150 ಮಿಲಿಲೀಟರ್ ಮಾತ್ರ, ಎಂದರೆ ಒಂದು ಸಣ್ಣ ಲೋಟದಷ್ಟು. ಮಿದುಳಿನ ಮೇಲೆ ಮೂರು ಪೊರೆಗಳಿವೆ. ಎಲ್ಲಕ್ಕಿಂತ ಹೊರಗಿನ ಪೊರೆ ಚರ್ಮದಂತೆ ಗಡುಸಾಗಿದ್ದು ಬುರುಡೆಗೆ ಅಂಟಿಕೊಂಡಿದೆ. ಮಿದುಳಿನ ಮೇಲ್ಮೈಯಿಂದ ಈ ಹೊರಪೊರೆಗೆ ಸಣ್ಣ ಸಣ್ಣ ಮಲಿನ ರಕ್ತನಾಳಗಳು ಸೇತುವೆಯಂತೆ ಹಾದುಹೋಗುತ್ತವೆ.

ದವಡೆಯ ಮೇಲೋ ಕಪಾಳದ ಮೇಲೋ ಪೆಟ್ಟು ಬಿದ್ದಾಗ ತಲೆ ಸರಕ್ಕನೆ ತಿರುಗುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ. ಒಂದು ಗಳಿಗೆ ಹಿಂದೆ ಬೀಳುತ್ತದೆ. ಬಸ್ಸು ಥಟ್ಟನೆ ಹೊರಟಾಗ ನಿಂತ ಪ್ರಯಾಣಿಕ ಹಿಂದಕ್ಕೆ ವಾಲುವಂತೆ. ಆಗ ಸೇತುವೆಯಂಥ ಆ ನಾಳಗಳು ಜಗ್ಗುತ್ತವೆ. ಜಗ್ಗಾಟ ಹೆಚ್ಚಾದರೆ ಹರಿಯುತ್ತವೆ. ರಕ್ತ ಹೊರಪೊರೆಯ ಕೆಳಗೆ ಶೇಖರವಾಗುತ್ತದೆ. ಬುರುಡೆ ಹಿಗ್ಗುವ ವಸ್ತುವಲ್ಲ. ಆದ್ದರಿಂದ ರಕ್ತ ಹೆಚ್ಚಿದಷ್ಟೂ ಮಿದುಳು ಅದುಮಿಕೊಳ್ಳುತ್ತದೆ. ಕೊನೆಗೆ ಉಸಿರಾಟವನ್ನು ನಡೆಸುವ ಮಿದುಳಿನ ಬುಡದ ಭಾಗವೇ ಒತ್ತಡಕ್ಕೆ ಸಿಕ್ಕಿ ಪ್ರಾಣ ಹೋಗುತ್ತದೆ. ಕಣದಲ್ಲಿ ಪ್ರಾಣ ಬಿಟ್ಟ ಮುಷ್ಟಿಯುದ್ಧ ಪಟುಗಳಲ್ಲಿ ಬಹುಪಾಲು ಜನ ಸತ್ತಿರುವುದು ಈ ರೀತಿಯ ರಕ್ತಸ್ರಾವದಿಂದಲೇ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೀವು ಕೇಳಿರಬಹುದು, ಕಂಡಿರಲೂಬಹುದು. ಅಲ್ಲಿ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲಿಸುತ್ತಾರೆ. ಹೊರಗೆ ಬಂದ ರಕ್ತ ಎಲ್ಲರಿಗೂ ಕಾಣುತ್ತದೆ. ಒಳಗೆ ಸೋರುವ ರಕ್ತ ಯಾರಿಗೂ ಕಾಣುವುದಿಲ್ಲ. ಬಾಕ್ಸಿಂಗ್‌ನ ದಪ್ಪ ಕೈಗವಸು ಹೊಡೆಯುವವನ ಬೆರಳಿನ ಮೂಳೆಗಳನ್ನು ಕಾಪಾಡುತ್ತದೆ, ಹೊಡೆಸಿಕೊಂಡವನ ಮುಖ ಸೀಳುವುದನ್ನು ಕಡಿಮೆ ಮಾಡುತ್ತದೆ. ತಲೆಗೆ ಕಟ್ಟುವ ಮೆತ್ತೆಯೂ ಗಾಯವನ್ನು ತಡೆಯುತ್ತದೆ. ಆದರೆ ತಲೆ ತಿರುಗುವುದನ್ನು, ಒಳಗೆ ಮಿದುಳು ಅಲುಗುವುದನ್ನು ಇವೆರಡೂ ನಿಲ್ಲಿಸಲಾರವು.

ನೀರು ಬತ್ತಿದರೆ...

ತೆಂಗಿನ ಸೀಮೆಯ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಬಲಿತ ಕಾಯಿಗಳನ್ನು ನೀವು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತೀರಿ. ಹೊಸ ಕಾಯಿಯಲ್ಲಿ ತಿರುಳು ಕರಟಕ್ಕೆ ಅಂಟಿಕೊಂಡಿರುತ್ತದೆ. ಒಳಗಿನ ನೀರು ಇಂಗುತ್ತಾ ಬಂದಂತೆ ತಿರುಳು ಕುಗ್ಗಿ ಕರಟ ಬಿಡುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಕೊಬ್ಬರಿ ಗಿಟುಕು ಒಳಗೆ ಕುಲುಕುವುದು ಕೇಳಿಸುತ್ತದೆ. ಉಂಡೆ ಕೊಬ್ಬರಿ ಆಯಿತು ಎಂದು ಆಗ ನಿಮಗೆ ಗೊತ್ತಾಗುತ್ತದೆ.

ಎರಡು ದಿನ ನೀರು ಬಿಟ್ಟ ಮಾತ್ರಕ್ಕೆ ಮನುಷ್ಯನ ಮಿದುಳು ಕೊಬ್ಬರಿಯಂತೆ ಒಣಗುವುದಿಲ್ಲ. ಆದರೆ ದೇಹದ ನೀರು ಕಡಿಮೆಯಾದಾಗ ಮಿದುಳು ಅತ್ಯಲ್ಪ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದನ್ನು ಸ್ಕ್ಯಾನ್ ಪರೀಕ್ಷೆಗಳು ತೋರಿಸಿವೆ. ಕುಗ್ಗಿದಾಗ ಬುರುಡೆ ಮತ್ತು ಮಿದುಳಿನ ನಡುವಣ ಅಂತರ ಹೆಚ್ಚುತ್ತದೆ. ಸೇತುವೆಯ ನಾಳಗಳು ಮೊದಲೇ ಬಿಗಿದುಕೊಂಡಿರುತ್ತವೆ. ಸಾಮಾನ್ಯ ದಿನದಲ್ಲಿ ತಾಳಿಕೊಳ್ಳುತ್ತಿದ್ದ ಪೆಟ್ಟಿಗೆ ಅಂದು ಹರಿಯುವ ಸಂಭವವಿದೆ. ಹೀಗೆಂದು ಅನೇಕ ವೈದ್ಯರು ಶಂಕಿಸುತ್ತಾರೆ. ಇದನ್ನು ಪೂರ್ತಿಯಾಗಿ ಸಿದ್ಧಪಡಿಸಿದ್ದಾಗಿಲ್ಲ. ಸಿದ್ಧಪಡಿಸಲೆಂದು ಯಾರನ್ನೂ ಬಾಯಾರಿಸಿ ತಲೆಗೆ ಹೊಡೆಯುವಂತೆಯೂ ಇಲ್ಲ.

ಸಿದ್ಧವಾಗಿರುವ ಸಂಗತಿಗಳೇ ಸಾಕಷ್ಟಿವೆ. ಮೈತೂಕದ ನೂರಕ್ಕೆ ಎರಡು ಪಾಲಿನಷ್ಟು ನೀರು ಹೋದರೇ ಆಟಗಾರನ ದಮ್ಮು ಕಡಿಮೆಯಾಗತೊಡಗುತ್ತದೆ. 58 ಕಿಲೋ ಹುಡುಗನಿಗೆ ಇದು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಇನ್ನೂ ಹೆಚ್ಚು ಹೋದರೆ ರಕ್ತ ಮಂದವಾಗುತ್ತದೆ, ಎದೆಬಡಿತ ಏರುತ್ತದೆ, ಬೆವರು ಕಡಿಮೆಯಾಗಿ ಮೈಕಾವು ಹೆಚ್ಚುತ್ತದೆ, ಮೂತ್ರಪಿಂಡಗಳಿಗೆ ಪೆಟ್ಟಾಗುತ್ತದೆ. ಕಣ್ಣು, ಕೈಗಳ ಚುರುಕು ಕುಗ್ಗುತ್ತದೆ. ಬರುವ ಪೆಟ್ಟನ್ನು ತಪ್ಪಿಸಿಕೊಳ್ಳಲು ಆ ಚುರುಕೇ ತಾನೇ ಬೇಕು? ತಲೆಗೆ ಪೆಟ್ಟು ಬೀಳದೆಯೂ ಸಾವು ಬರಬಹುದು. 1997ರ ನವೆಂಬರ್–ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಬೆವರು ಹರಿಸಿ ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ಅವರು ಇನ್ನೂ ಕಣಕ್ಕೆ ಇಳಿದೇ ಇರಲಿಲ್ಲ.

ನಮ್ಮ ದೇಶದ ಉದಾಹರಣೆ ಎಲ್ಲರಿಗೂ ನೆನಪಿರಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ್ದ ಕುಸ್ತಿಪಟು ವಿನೇಶ್ ಫೋಗಟ್ ಅವರು 50 ಕಿಲೋ ಮಿತಿಗಿಂತ 100 ಗ್ರಾಂ ಹೆಚ್ಚು ತೂಗಿದರೆಂದು ಪದಕದಿಂದ ವಂಚಿತರಾದರು. ರಾತ್ರಿಯೆಲ್ಲ ಬೆವರು ಹರಿಸಿ, ನೀರು ಬಿಟ್ಟು, ಕೂದಲನ್ನೂ ಕತ್ತರಿಸಿದರೂ ಅಷ್ಟು ಇಳಿಯಲಿಲ್ಲ. ಆಮೇಲೆ ಅವರಿಗೆ ರಕ್ತನಾಳದ ಮೂಲಕ ದ್ರವ ಕೊಡಬೇಕಾಯಿತು. ನಾವೆಲ್ಲ ಆ 100 ಗ್ರಾಮಿಗಾಗಿ ಮರುಗಿದೆವು. ಆ ರಾತ್ರಿ ಅವರ ದೇಹ ಪಟ್ಟ ಪಾಡಿನ ಬಗ್ಗೆ ಎಷ್ಟು ಜನ ಯೋಚಿಸಿದೆವು?

ಹಗುರ ತೂಕದವರಿಗೇ ಏಕೆ?

ಪೆಟ್ಟಿನ ಬಲ ಹೆಚ್ಚಾಗಿರುವುದು ಹೆವಿವೇಟ್ ವಿಭಾಗದಲ್ಲಿ. ಆದ್ದರಿಂದ ಸಾವು ಅಲ್ಲೇ ಹೆಚ್ಚಿರಬೇಕು ಎಂದು ನಿಮಗೆ ಅನಿಸಬಹುದು. ಆದರೆ ಬ್ರಿಟನ್ನಿನ ಇತಿಹಾಸ ನೋಡಿ. 1980ರಲ್ಲಿ ವೇಲ್ಸಿನ ಜಾನಿ ಓವನ್ ಲಾಸ್ ಏಂಜಲಿಸ್‌ನಲ್ಲಿ ನಡೆದ ಪಂದ್ಯದಲ್ಲಿ ಬಿದ್ದವರು ಪ್ರಜ್ಞೆ ಬಾರದೆ ವಾರಗಳ ನಂತರ ಸತ್ತರು. ಅವರದು ಬ್ಯಾಂಟಮ್‌ವೇಟ್, ಸುಮಾರು 53 ಕಿಲೋ. 1994ರಲ್ಲಿ ಲಂಡನ್ನಿನಲ್ಲಿ ಬ್ರಾಡ್ಲಿ ಸ್ಟೋನ್. ಅವರದು ಸೂಪರ್ ಬ್ಯಾಂಟಮ್, 55 ಕಿಲೋ. 1995ರಲ್ಲಿ ಗ್ಲಾಸ್ಗೋದಲ್ಲಿ ಜೇಮ್ಸ್ ಮರ್ರೆ, ಅವರೂ ಬ್ಯಾಂಟಮ್‌ವೇಟ್. 1998ರಲ್ಲಿ ಸ್ಪೆನ್ಸರ್ ಆಲಿವರ್ ಎಂಬ ಸೂಪರ್ ಬ್ಯಾಂಟಮ್ ಆಟಗಾರ ಸಾವಿನ ಬಾಗಿಲಿಗೆ ಹೋಗಿ ಬಂದರು. 2025ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಒಂದೇ ರಾತ್ರಿಯ ಎರಡು ಬೇರೆ ಬೇರೆ ಪಂದ್ಯಗಳಲ್ಲಿ ಗಾಯಗೊಂಡ ಇಬ್ಬರು ಜಪಾನೀ ಆಟಗಾರರು ತೀರಿಕೊಂಡರು. ಇಬ್ಬರಿಗೂ 28 ವರ್ಷ; ಇಬ್ಬರದೂ 60 ಕಿಲೋ ಆಸುಪಾಸಿನ ವಿಭಾಗ; ಇಬ್ಬರಿಗೂ ಆದದ್ದು ಇದೇ ಪೊರೆಯ ಕೆಳಗಿನ ರಕ್ತಸ್ರಾವ.

ಇದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ. ಹಗುರ ತೂಕದವರ ಪಂದ್ಯಗಳು ಒಂದೇ ಪೆಟ್ಟಿಗೆ ಮುಗಿಯುವುದು ಅಪರೂಪ. ಕೊನೆಯ ಸುತ್ತುಗಳವರೆಗೂ ನಡೆಯುತ್ತವೆ. ತಲೆಗೆ ಬೀಳುವ ಪೆಟ್ಟುಗಳ ಒಟ್ಟು ಸಂಖ್ಯೆ ಹೆಚ್ಚುತ್ತದೆ. ಇನ್ನೊಂದು ಕಾರಣ ತೂಕದ ಮಿತಿ. ಹೆವಿವೇಟ್ ವಿಭಾಗಕ್ಕೆ ಮೇಲ್ಮಿತಿಯೇ ಇಲ್ಲ, ಆದ್ದರಿಂದ ಅವರು ನೀರು ಬಿಡಬೇಕಾಗಿಲ್ಲ. 60 ಕಿಲೋ ಮೈಯವನು 57ಕ್ಕೆ ಇಳಿಯಲು ತನ್ನ ತೂಕದ ಇಪ್ಪತ್ತನೆಯ ಒಂದು ಪಾಲನ್ನೇ ಕಳೆದುಕೊಳ್ಳಬೇಕು. ತೂಕ ನೋಡುವುದು ಪಂದ್ಯದ ಹಿಂದಿನ ದಿನ. ತಕ್ಕಡಿ ಇಳಿದ ಮೇಲೆ ಆಟಗಾರ ಹೊಟ್ಟೆ ತುಂಬ ನೀರು ಕುಡಿಯುತ್ತಾನೆ. ಹೊಟ್ಟೆಗೆ ಹೋದ ನೀರು ಅಂಗಾಂಗಗಳಿಗೆಲ್ಲ ಸೇರಿ ದೇಹ ಮೊದಲಿನ ಸ್ಥಿತಿಗೆ ಬರಲು ಒಂದು ದಿನ ಸಾಲದೆಯೂ ಹೋಗಬಹುದು.

ಪ್ರತಿ ದುರಂತದ ನಂತರ ನಿಯಮಗಳು ಸ್ವಲ್ಪ ಬಿಗಿಯಾಗಿವೆ. 1982ರಲ್ಲಿ ಕೊರಿಯಾದ ಲೈಟ್‌ವೇಟ್ ಆಟಗಾರ ಕಿಮ್ ದುಕ್ ಕೂ ಸತ್ತ ಮೇಲೆ ವಿಶ್ವ ಪ್ರಶಸ್ತಿಯ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದವು. ಬ್ರಿಟನ್ನಿನಲ್ಲಿ ವೃತ್ತಿಪರ ಆಟಗಾರರು ವರ್ಷಕ್ಕೊಮ್ಮೆ ಮಿದುಳಿನ ಎಂ.ಆರ್.ಐ. ಪರೀಕ್ಷೆ ಮಾಡಿಸಿಕೊಳ್ಳಬೇಕು, ಪ್ರಶಸ್ತಿ ಪಂದ್ಯಗಳಿಗೆ ಮುಂಚೆ ಕೆಲವು ವಾರಗಳಿಂದಲೇ ತೂಕ ನೋಡುವ ಪದ್ಧತಿಯೂ ಬಂದಿದೆ. ನಿಯಮವಿಲ್ಲದೆ ಅಲ್ಲಲ್ಲಿ ನಡೆಯುವ ನಮ್ಮ ಊರ ಪಂದ್ಯಗಳಲ್ಲಿ ಆ ಕೆಲಸವನ್ನು ತಂದೆತಾಯಿಗಳೇ ಮಾಡಬೇಕು.

ಬದುಕಿಸುವುದು ಸಮಯ

ಇಂಗಲ್ ಬದುಕುಳಿದದ್ದಕ್ಕೆ ಅವರ ಅದೃಷ್ಟವೊಂದೇ ಕಾರಣವಲ್ಲ. ಅದಕ್ಕೆ ಒಂಬತ್ತು ವರ್ಷ ಮುಂಚೆ, 1991ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಮೈಕೆಲ್ ವಾಟ್ಸನ್ ಎಂಬ, ಇನ್ನೂ ಭಾರದ ವಿಭಾಗದ ಆಟಗಾರ ಇದೇ ರೀತಿ ಕುಸಿದಿದ್ದರು. ಉಸಿರಾಟಕ್ಕೆ ನೆರವಾಗಬಲ್ಲ ತಜ್ಞರು ಕಣದ ಬಳಿ ಸಿದ್ಧರಿರಲಿಲ್ಲ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಮಿದುಳು ಶಸ್ತ್ರಚಿಕಿತ್ಸೆಯ ಸೌಲಭ್ಯವಿರಲಿಲ್ಲ. ಅಲ್ಲಿಂದ ಇನ್ನೊಂದಕ್ಕೆ ಸಾಗಿಸಬೇಕಾಯಿತು. ಅವರು 40 ದಿನ ಪ್ರಜ್ಞೆಯಿಲ್ಲದೆ ಮಲಗಿದ್ದರು. ಆರು ಶಸ್ತ್ರಚಿಕಿತ್ಸೆಗಳಾದವು. ಎಷ್ಟೋ ವರ್ಷ ಗಾಲಿಕುರ್ಚಿಯಲ್ಲಿ ಕಳೆದು, 2003ರಲ್ಲಿ ಲಂಡನ್ ಮ್ಯಾರಥಾನ್ ದಾರಿಯನ್ನು ಆರು ದಿನಗಳಲ್ಲಿ ನಡೆದು ಮುಗಿಸಿದ ಛಲಗಾರ ಅವರು. ತಕ್ಕ ವೈದ್ಯಕೀಯ ಏರ್ಪಾಡು ಇಲ್ಲದ್ದಕ್ಕೆ ಬ್ರಿಟಿಷ್ ಬಾಕ್ಸಿಂಗ್ ನಿಯಂತ್ರಣ ಮಂಡಳಿಯೇ ಹೊಣೆ ಎಂದು 1999ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಈ ಘಟನೆಯ ನಂತರ ಕಣದ ಬಳಿ ನುರಿತ ವೈದ್ಯರು, ಆಂಬುಲೆನ್ಸ್, ಮುಂಚೆಯೇ ತಿಳಿಸಿಟ್ಟ ಮಿದುಳು ಶಸ್ತ್ರಚಿಕಿತ್ಸಾ ವಿಭಾಗ ಇವೆಲ್ಲ ಕಡ್ಡಾಯವಾದವು. ವಾಟ್ಸನ್ ಪಟ್ಟ ಕಷ್ಟದ ಫಲವನ್ನು ಇಂಗಲ್ ಉಂಡರು ಎನ್ನಬಹುದು.

1981ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇಂಥ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿದ 82 ರೋಗಿಗಳನ್ನು ಪರಿಶೀಲಿಸಿತು. ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ನೂರಕ್ಕೆ 30 ಮಂದಿ ಸತ್ತರೆ, ತಡವಾದವರಲ್ಲಿ ನೂರಕ್ಕೆ 90 ಮಂದಿ ಸತ್ತಿದ್ದರು. ಅನಂತರದ ಅಧ್ಯಯನಗಳಲ್ಲಿ ವ್ಯತ್ಯಾಸ ಇಷ್ಟು ಎದ್ದು ಕಂಡಿಲ್ಲವಾದರೂ, ತಡ ಮಾಡಬಾರದು ಎಂಬ ಮಾತಿನಲ್ಲಿ ಭಿನ್ನಾಭಿಪ್ರಾಯವಿಲ್ಲ.

ಇದು ದೂರದ ದೇಶದ ಕಥೆ ಎನ್ನುವಂತಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಮೈಸೂರಿನ ಯುವಕನೊಬ್ಬ ಎರಡು ಮೂರು ದಿನಗಳಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಅವನ ಮನೆಯವರು ದೂರಿದ್ದರು.

ತಲೆಗೆ ಪೆಟ್ಟು ಬಿದ್ದಾಗ

ನಮ್ಮ ಓದುಗರಲ್ಲಿ ಬಾಕ್ಸಿಂಗ್ ಆಡುವವರು ವಿರಳ. ಆದರೆ ತೆಂಗಿನ ಮರದಿಂದ ಬೀಳುವವರು, ಕಾಯಿ ಕೀಳುವಾಗ ಕೆಳಗೆ ನಿಂತು ತಲೆಗೆ ಪೆಟ್ಟು ತಿನ್ನುವವರು, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಉರುಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಬುರುಡೆಯೊಳಗೆ ನಡೆಯುವುದು ಎಲ್ಲರಿಗೂ ಒಂದೇ.

ಪೆಟ್ಟು ಬಿದ್ದವರು ಎದ್ದು ಕುಳಿತು ಮಾತನಾಡಿದರು ಎಂದ ಮಾತ್ರಕ್ಕೆ ಅಪಾಯ ಕಳೆಯಿತು ಎಂದು ತಿಳಿಯಬೇಡಿ. ಒಳಗೆ ರಕ್ತ ನಿಧಾನವಾಗಿ ಸೋರುತ್ತಿದ್ದರೆ ಲಕ್ಷಣಗಳು ಕಾಣಿಸಿಕೊಳ್ಳಲು ಕೆಲವು ಗಂಟೆಗಳೇ ಹಿಡಿಯಬಹುದು. ಮೊದಲ 24ರಿಂದ 48 ಗಂಟೆ ಅವರ ಜೊತೆ ಒಬ್ಬರು ಇರಲೇಬೇಕು. ಈ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಿ:

* ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದು, ಅಥವಾ ನಡೆದದ್ದೇ ನೆನಪಿಲ್ಲದಿರುವುದು.
* ಹೆಚ್ಚುತ್ತಲೇ ಹೋಗುವ ತಲೆನೋವು.
* ಮತ್ತೆ ಮತ್ತೆ ವಾಂತಿ.
* ಎಬ್ಬಿಸಿದರೂ ಏಳದಂಥ ಮಂಪರು, ಅಸಂಬದ್ಧ ಮಾತು, ವಿನಾಕಾರಣ ಸಿಟ್ಟು, ಚಡಪಡಿಕೆ.
* ಕೈಕಾಲಿನಲ್ಲಿ ಬಲ ಕಡಿಮೆಯಾಗುವುದು, ಮಾತು ತೊದಲುವುದು, ನಡಿಗೆ ತೂರಾಡುವುದು.
* ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು. ಒಂದು ಎರಡಾಗಿ ಕಾಣುವುದು.
* ಫಿಟ್ಸ್ ಬರುವುದು. ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೆ ನೀರಿನಂಥ ದ್ರವ ಸೋರುವುದು.

ಕಾಯುತ್ತಿರುವಾಗ ಮಾಡಬೇಕಾದ್ದು ಬಹಳವಿಲ್ಲ, ಮಾಡಬಾರದ್ದೇ ಹೆಚ್ಚು. ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕತ್ತಿನ ಮೂಳೆಗೂ ಪೆಟ್ಟಾಗಿರಬಹುದು. ತಲೆ, ಕತ್ತು, ಬೆನ್ನು ಒಂದೇ ನೇರಕ್ಕಿರುವಂತೆ ನಾಲ್ಕು ಜನ ಸೇರಿ ಹಲಗೆಯ ಮೇಲೆ ಇಡಿ. ಪ್ರಜ್ಞೆ ಇಲ್ಲದವರಿಗೆ ವಾಂತಿಯಾದರೆ ಉಸಿರುಗಟ್ಟದಂತೆ ಕತ್ತು ತಿರುಚದೆ ಇಡೀ ಮೈಯನ್ನು ಪಕ್ಕಕ್ಕೆ ಹೊರಳಿಸಿ. ಮಂಪರಿನಲ್ಲಿರುವವರ ಬಾಯಿಗೆ ನೀರು, ಕಾಫಿ ಹಾಕಬೇಡಿ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ವ್ಯರ್ಥ. ತಲೆನೋವಿಗೆಂದು ಆಸ್ಪಿರಿನ್‌ನಂಥ ಮಾತ್ರೆ ಕೊಡಬೇಡಿ. ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ. 108ಕ್ಕೆ ಕರೆ ಮಾಡಿ. ಹೊರಡುವಾಗಲೇ ಸಿ.ಟಿ. ಸ್ಕ್ಯಾನ್ ಎಲ್ಲಿದೆ, ಮಿದುಳು ಶಸ್ತ್ರಚಿಕಿತ್ಸಕರು ಎಲ್ಲಿ ಸಿಗುತ್ತಾರೆ ಎಂದು ಕೇಳಿಕೊಳ್ಳಿ. ಉಸಿರಾಟ ಸರಿಯಿಲ್ಲದಿದ್ದರೆ ಮೊದಲು ಹತ್ತಿರದ ಆಸ್ಪತ್ರೆ. ಅಲ್ಲಿಂದ ವೈದ್ಯರ ಸಲಹೆಯಂತೆ ಮುಂದಕ್ಕೆ. ವಾಟ್ಸನ್ ಅವರ ವಿಷಯದಲ್ಲಿ ಆದಂತೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಹೊತ್ತು ಕಳೆಯುವಂತಾಗಬಾರದು.

ಮನೆಯ ಹಿರಿಯರ ವಿಷಯ

ಕೊಬ್ಬರಿಯ ಹೋಲಿಕೆ ಹೆಚ್ಚು ಸರಿಹೊಂದುವುದು ವಯಸ್ಸಾದವರಿಗೆ. 60–65 ದಾಟಿದವರಲ್ಲಿ ಮಿದುಳು ಸಹಜವಾಗಿಯೇ ಕುಗ್ಗಿರುತ್ತದೆ. ಬುರುಡೆ ಮತ್ತು ಮಿದುಳಿನ ನಡುವೆ ಜಾಗ ಹೆಚ್ಚಿರುತ್ತದೆ. ಬಚ್ಚಲಿನಲ್ಲಿ ಜಾರಿ ಗೋಡೆಗೆ ತಲೆ ತಗುಲಿದರೂ ಸಾಕು, ಒಂದು ನಾಳ ಹರಿದು ಹನಿಹನಿಯಾಗಿ ರಕ್ತ ಸೋರಬಹುದು. ಜಾಗ ಇರುವುದರಿಂದ ಕೂಡಲೇ ತೊಂದರೆ ಕಾಣುವುದಿಲ್ಲ. ಮೂರು ವಾರ, ಕೆಲವೊಮ್ಮೆ ಎರಡು ತಿಂಗಳು ಕಳೆದ ಮೇಲೆ ಅಜ್ಜ ಹೆಸರು ಮರೆಯುತ್ತಾರೆ, ಒಂದು ಕಾಲು ಎಳೆಯುತ್ತಾರೆ, ಹಗಲೆಲ್ಲ ನಿದ್ದೆ ಮಾಡುತ್ತಾರೆ. ಅರುವತ್ತಕ್ಕೆ ಅರಳು ಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ಬಿದ್ದದ್ದು ಯಾರಿಗೂ ನೆನಪಿರುವುದಿಲ್ಲ.

ಇದನ್ನು ಗುರುತಿಸಿದರೆ ಚಿಕಿತ್ಸೆ ಬಹುಮಟ್ಟಿಗೆ ಸುಲಭ. ಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ರಕ್ತವನ್ನು ಹೊರತೆಗೆದರೆ ಎಷ್ಟೋ ಜನ ಮೊದಲಿನಂತಾಗುತ್ತಾರೆ. ಹೃದಯದ ಕಾಯಿಲೆಗೆಂದು ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುವವರು, ದಿನವೂ ಮದ್ಯ ಸೇವಿಸುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಅವರು ಬಿದ್ದರೆ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ತೋರಿಸಿ, ಮಾತ್ರೆಯ ವಿಷಯ ತಪ್ಪದೆ ಹೇಳಿ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಕೆಂಕೆರೆಯ ಓದುಗರಿಗೆ

ಇನ್ನು ಪತ್ರದ ಪ್ರಶ್ನೆಗೆ ಬರೋಣ. ನಿಮ್ಮ ಮಗನಿಗೆ ಹದಿನೇಳೋ ಹದಿನೆಂಟೋ ಇರಬೇಕು. ಬೆಳೆಯುವ ವಯಸ್ಸು. ಹೋದ ವರ್ಷ 55 ಇದ್ದವನು ಈ ವರ್ಷ 58 ಆಗುವುದು ಆರೋಗ್ಯದ ಗುರುತೇ ಹೊರತು ಕೊರತೆಯಲ್ಲ. ಅವನು 55ರ ತಂಡ ಬಿಟ್ಟು ಅದರ ಮೇಲಿನ ತೂಕದ ತಂಡದಲ್ಲಿ ಆಡಲಿ. ಮೊದಮೊದಲು ಸೋಲಬಹುದು, ಸೋಲಲಿ. ನಿಜವಾಗಿಯೂ ಬೊಜ್ಜಿದ್ದು ತೂಕ ಇಳಿಸಬೇಕಾದವರೂ ವಾರಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಮೀರದಂತೆ, ಆಹಾರ ಹಿಡಿತದಿಂದ, ತಿಂಗಳುಗಳ ಮುಂಚೆಯೇ ಇಳಿಸಬೇಕು. ನೀರು ಬಿಟ್ಟು ಇಳಿಸಿದ್ದು ತೂಕವೇ ಅಲ್ಲ; ಒಂದು ತಂಬಿಗೆ ನೀರು ಕುಡಿದರೆ ಮರಳಿ ಬರುತ್ತದೆ. ಭೇದಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆಗಳನ್ನಂತೂ ಮುಟ್ಟಕೂಡದು.

ಮೂತ್ರ ತಿಳಿಹಳದಿಯಾಗಿದ್ದರೆ ದೇಹದಲ್ಲಿ ನೀರು ಸಾಕಷ್ಟಿದೆ. ಗಾಢ ಹಳದಿಯಾಗಿ, ಕಡಿಮೆ ಹೋಗುತ್ತಿದ್ದರೆ ನೀರು ಸಾಲದು. ಆಟದ ದಿನ ಬಾಯಾರುವವರೆಗೆ ಕಾಯದೆ ಆಗಾಗ ಕುಡಿಯಲಿ. ಬೆವರು ಹರಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಓ.ಆರ್.ಎಸ್., ನಿಮ್ಮ ತೋಟದ ಎಳನೀರು ಎಲ್ಲವೂ ಒಳ್ಳೆಯದು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಎಳನೀರಿನ ವಿಷಯದಲ್ಲಿ ವೈದ್ಯರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ತಲೆಗೆ ಪೆಟ್ಟು ಬಿದ್ದು ಮಂಕು ಕವಿದರೆ ಅಂದಿನ ಆಟ ಅಲ್ಲಿಗೆ ಮುಗಿಯಿತು ಎಂಬುದು ಮನೆಯ ಕಟ್ಟಳೆಯಾಗಲಿ. ತಂಡ ಸೋಲಲಿ, ಗೆಳೆಯರು ಹೀಯಾಳಿಸಲಿ. ಮಿದುಳು ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವ ಮುಂಚೆ ಇನ್ನೊಂದು ಬಿದ್ದರೆ ಅದು ಚಿಕ್ಕದಾದರೂ ಪ್ರಾಣಕ್ಕೇ ಬರಬಹುದು, ಅದರಲ್ಲೂ ಈ ವಯಸ್ಸಿನಲ್ಲಿ. ತಲೆನೋವು, ತಲೆಸುತ್ತು, ಓದಿದ್ದು ತಲೆಗೆ ಹತ್ತದಿರುವುದು ಇವೆಲ್ಲ ಪೂರ್ತಿ ಹೋಗಿ, ವೈದ್ಯರು ಒಪ್ಪಿದ ಮೇಲೆಯೇ ಮತ್ತೆ ಅಂಕಣಕ್ಕೆ ಇಳಿಯಲಿ. ಹೋದ ಸಲದ ಪೆಟ್ಟಿನ ನಂತರ ಇವುಗಳಲ್ಲಿ ಯಾವುದಾದರೂ ಉಳಿದಿದ್ದರೆ ತಡಮಾಡದೆ ತೋರಿಸಿ.

ಆಟ ಬಿಡಿಸಿ ಎಂದು ನಾನು ಹೇಳುವುದಿಲ್ಲ. ಹಳ್ಳಿಯ ಹುಡುಗ ಮೈ ಬಗ್ಗಿಸಿ ಆಡುವುದು ಸಂತೋಷದ ವಿಷಯ. ಪಂದ್ಯ ನಡೆಸುವವರು ತಕ್ಕಡಿಯ ಜೊತೆಗೆ ಒಂದು ವಾಹನವನ್ನೂ, ಪೆಟ್ಟು ಬಿದ್ದವನನ್ನು ಆಟದಿಂದ ಇಳಿಸುವ ಅಧಿಕಾರವಿರುವ ಒಬ್ಬ ಹಿರಿಯನನ್ನೂ ಇಟ್ಟುಕೊಳ್ಳಲಿ. ಮುಂದಿನ ಪಂದ್ಯಕ್ಕೆ ನಿಮ್ಮ ಮಗ ಹೊರಡುವಾಗ, ಅವನು ಎಷ್ಟು ತೂಗುತ್ತಾನೆ ಎಂದು ಕೇಳುವ ಬದಲು, ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದ ಎಂದು ಕೇಳಿ ಕಳಿಸಿ.